ರಜೆಯಲ್ಲಿ ಏನೂ ಮಾಡ್ಲಿಲ್ಲ ಸರ್!

ರಜೆ ಮುಗಿಸಿ ಕಾಲೇಜಿಗೆ ವಾಪಸ್ ಬಂದ ಮೊದಲ ವಾರ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ: "ರಜೆಯಲ್ಲಿ ಎಂತ ಮಾಡಿದ್ರಿ?" ಒಬ್ಬ ಬೆಂಗಳೂರಿನ ಕಂಪೆನಿಯಲ್ಲಿ ಇಂಟರ್ನ್‌ಶಿಪ್ ಮಾಡಿರ್ತಾನೆ. ಇನ್ನೊಬ್ಬಳು ಮಷಿನ್ ಲರ್ನಿಂಗ್ ಕೋರ್ಸ್ ಮುಗಿಸಿ ಸರ್ಟಿಫಿಕೇಟನ್ನು ಲಿಂಕ್ಡ್‌ಇನ್‌ಗೆ ಹಾಕಿರ್ತಾಳೆ. ಕೊನೆಯ ಬೆಂಚಿಗೆ ಬರುವಾಗ ನಮ್ಮ ಸರದಿ. "ಏನೂ ಇಲ್ಲ ಸರ್, ಊರಲ್ಲೇ ಇದ್ದೆವು." ಸರ್ ತಲೆಯಾಡಿಸಿ ಮುಂದಿನವರ ಕಡೆ ತಿರುಗ್ತಾರೆ.

ನಾವು ಮೂವರು ಈ ಉತ್ತರವನ್ನು ಮೂರು ವರ್ಷದಿಂದ ಕೊಡ್ತಾ ಬಂದಿದ್ದೇವೆ. ಒಬ್ಬನ ಮನೆ ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ, ಒಬ್ಬಳದು ಶಂಕರಪುರದಲ್ಲಿ, ಇನ್ನೊಬ್ಬನದು ಕಾರ್ಕಳ ತಾಲೂಕಿನ ಒಂದು ಬೈಲಿನ ಅಂಚಿನಲ್ಲಿ. ಮೂವರ ಮನೆಯಲ್ಲೂ ಕೃಷಿ ಉಂಟು, ಬೇಸಿಗೆಯಲ್ಲಿ ಕೈತುಂಬ ಕೆಲಸ ಉಂಟು. ಆದ್ರೂ ಕೇಳಿದವರಿಗೆಲ್ಲ "ಏನೂ ಇಲ್ಲ" ಅಂತಲೇ ಹೇಳಿದ್ದೇವೆ. ಈ ಬಾರಿ ಆ ಮಾತು ಬಾಯಿಂದ ಹೊರಡಲಿಲ್ಲ. ಯಾಕೆ ಅಂತ ಹೇಳಲಿಕ್ಕೆ ಈ ಬರಹ.

ಮೊದಲು ಆ "ಏನೂ ಇಲ್ಲ"ದ ಒಳಗೆ ಏನೆಲ್ಲ ಉಂಟು ನೋಡಿ.

ಶಂಕರಪುರದ ಮನೆಯಲ್ಲಿ ಬೇಸಿಗೆ ಅಂದ್ರೆ ಮಲ್ಲಿಗೆ. ಉಡುಪಿ ಮಲ್ಲಿಗೆ ಅಂತ ಭೌಗೋಳಿಕ ಸೂಚಿಕೆ ಪಡೆದ ಹೂವು ಇದೇ. ಬಿಸಿಲೇರುವ ಮೊದಲು ಮೊಗ್ಗು ಕೊಯ್ದಾಗಬೇಕು, ಬಾಳೆನಾರಿನಲ್ಲಿ ಕಟ್ಟಿ ಆಗಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಬೇಕು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಒಂದು ಅಟ್ಟೆ ಹೂ ಆಗಬೇಕಾದ್ರೆ 3200 ಸಲ ಕೈ ಗಿಡಕ್ಕೆ ಹೋಗಿ ಬರಬೇಕು, ಮತ್ತೆ ಅಷ್ಟೇ ಸಲ ನಾರು ಸುತ್ತಬೇಕು. ದರ ದಿನಾ ಬದಲಾಗ್ತದೆ. ಗಿಡದ ತುಂಬ ಹೂ ಬಿಡುವ ಬೇಸಿಗೆಯಲ್ಲಿ ರೇಟು ಇಳೀತದೆ, ಮದುವೆ ಮುಹೂರ್ತ ಹತ್ತಿರ ಬಂದ್ರೆ ಏರ್ತದೆ. ಮಳೆಗಾಲದಲ್ಲಿ ರೇಟು ಚೆನ್ನಾಗಿದ್ದಾಗ ಗಿಡದಲ್ಲಿ ಹೂವೇ ಇರುವುದಿಲ್ಲ. ಮ್ಯಾನೇಜ್‌ಮೆಂಟ್ ಪೇಪರಿನ ಬೇಡಿಕೆ-ಪೂರೈಕೆಯ ಗ್ರಾಫನ್ನು ನಮ್ಮ ಗೆಳತಿ ಪರೀಕ್ಷೆಯಲ್ಲಿ ಎರಡು ನಿಮಿಷದಲ್ಲಿ ಬರೆದಿದ್ದಳು. ಅವಳ ಅಮ್ಮ, ಅಜ್ಜಿ ಆ ಗ್ರಾಫನ್ನು ದಿನಾ ಬೆಳಿಗ್ಗೆ ಫೋನಿನಲ್ಲಿ ಕೇಳಿ ತಿಳಿಯುವವರು.

ಕಾರ್ಕಳ ಕಡೆಯ ಮನೆಯದು ಬೈಲು ಗದ್ದೆ. ನಮ್ಮ ಜಿಲ್ಲೆಯ ಗದ್ದೆಗಳಿಗೆ ಹಿರಿಯರು ಮಾಡಿದ ವರ್ಗೀಕರಣ ಯಾವ ಸಾಯಿಲ್ ಮೆಕ್ಯಾನಿಕ್ಸ್ ಪುಸ್ತಕಕ್ಕೂ ಕಡಿಮೆಯದಲ್ಲ. ಎತ್ತರದ್ದು ಬೆಟ್ಟು, ಮಳೆ ನೀರಲ್ಲಿ ಒಂದೇ ಬೆಳೆ. ನಡುವಿನದು ಮಜಲು, ಎರಡು ಬೆಳೆ. ತಗ್ಗಿನದು ಬೈಲು, ಮೂರು ಬೆಳೆ. ಆ ಮೂರು ಬೆಳೆಗೂ ಹೆಸರುಂಟು: ಏಣೆಲು, ಸುಗ್ಗಿ, ಕೊಳಕೆ. ಕೊನೆಯ ಕೊಳಕೆ ಅಂದ್ರೆ ಬೇಸಿಗೆಯ ಬೆಳೆ. ಅಜ್ಜನ ಕಾಲದಲ್ಲಿ ಕೊಳಕೆಗೂ ಭತ್ತವೇ ಇತ್ತಂತೆ. ಈಗ ಅಷ್ಟು ನೀರಿಲ್ಲ. ಅದೇ ಗದ್ದೆಯಲ್ಲಿ ಉದ್ದು, ಅಲಸಂಡೆ, ಬೆಂಡೆ, ಸಾಂಬಾರ್ ಸೌತೆ. ಬೆಳಿಗ್ಗೆ ಸಂಜೆ ನೀರು, ನಡುವೆ ನವಿಲು ಓಡಿಸುವುದು, ರಾತ್ರಿ ಹಂದಿ ಬಂತೋ ಅಂತ ಟಾರ್ಚ್ ಹಿಡಿದು ಎದ್ದು ಹೋಗುವುದು. ಬೆಳೆದ ಸೌತೆಯನ್ನು ತೆಂಗಿನ ಗರಿಯಲ್ಲಿ ಕಟ್ಟಿ ಅಟ್ಟದ ಕೆಳಗೆ ನೇತು ಹಾಕಿದ್ರೆ ಮಳೆಗಾಲದ ಪದಾರ್ಥಕ್ಕೆ ಚಿಂತೆ ಇಲ್ಲ. ಫ್ರಿಡ್ಜ್ ಇಲ್ಲದೆ ತರಕಾರಿಯನ್ನು ತಿಂಗಳುಗಟ್ಟಲೆ ಇಡುವ ಈ ವಿದ್ಯೆಗೆ ಯಾರೂ ಪ್ರಾಜೆಕ್ಟ್ ರಿಪೋರ್ಟ್ ಬರೆದಿಲ್ಲ.

ಇದರ ಜೊತೆಗೆ ಎಲ್ಲ ಮನೆಯಲ್ಲೂ ಇರುವ ಕೆಲಸ ಬೇರೆ. ಗೇರುಬೀಜ ಹೆಕ್ಕುವುದು, ಪುನರ್ಪುಳಿ ಒಣಗಿಸುವುದು, ಮಾವಿನ ಮಿಡಿ ಉಪ್ಪಿಗೆ ಹಾಕುವುದು, ಹಲಸಿನ ಸೊಳೆ ಬಿಡಿಸಿ ಹಪ್ಪಳ ಒತ್ತುವುದು, ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುವುದು, ಮೋಡ ಕಂಡ ಕೂಡಲೇ ಊಟ ಬಿಟ್ಟು ಓಡಿ ಚಾಪೆ ಮಡಚುವುದು. ಮಧ್ಯಾಹ್ನ ಗಂಜಿ, ತಂಬುಳಿ. ರಾತ್ರಿ ಐಪಿಎಲ್ ನೋಡುತ್ತಾ ಕೂತಾಗ ಅರ್ಧ ಮ್ಯಾಚಿಗೆ ಕರೆಂಟು ಹೋಗುವುದು. ಇಷ್ಟೆಲ್ಲ ಸೇರಿದ್ದು ನಮ್ಮ "ಏನೂ ಇಲ್ಲ".

ಈಗ ಮಟ್ಟುವಿನ ಮನೆಗೆ ಬರೋಣ. ಈ ಬರಹ ಹುಟ್ಟಿದ್ದೇ ಅಲ್ಲಿ.

ಮಟ್ಟುಗುಳ್ಳ ಉಡುಪಿಯವರಿಗೆ ಪರಿಚಯಿಸಬೇಕಾಗಿಲ್ಲ. ಹಸಿರು ಬಣ್ಣದ, ಗುಂಡಗಿನ, ತೆಳು ಸಿಪ್ಪೆಯ, ತೊಟ್ಟಿನಲ್ಲಿ ಮುಳ್ಳಿರುವ ಬದನೆ. ಬೀಜ ಕೊಟ್ಟವರು ಸೋದೆ ವಾದಿರಾಜರು ಅಂತ ಊರಿನ ನಂಬಿಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಕೃಷ್ಣ ಮಠಕ್ಕೆ ಇಲ್ಲಿಂದ ಗುಳ್ಳದ ಹೊರೆಕಾಣಿಕೆ ಹೋಗ್ತದೆ. 2011ರಲ್ಲಿ ಇದಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿತು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಹೊಯಿಗೆ ಮಣ್ಣಿನ ಗದ್ದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಾಲು ಮಾಡಿ ಸಸಿ ನೆಡ್ತಾರೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕೊಯ್ಲು. ಅಂದ್ರೆ ಗಿಡ ನೆಡುವಾಗಲೇ ಮುಂದಿನ ಬೇಸಿಗೆಯಲ್ಲಿ ಮನೆಯಲ್ಲಿ ಎಷ್ಟು ಕೈ ಇರ್ತದೆ ಅಂತ ಲೆಕ್ಕ ಹಾಕಬೇಕು.

ಕಳೆದ ಅಕ್ಟೋಬರಿನಲ್ಲಿ ನಮ್ಮ ಗೆಳೆಯನಿಗೆ ಅಪ್ಪನ ಫೋನು ಬಂದಿತ್ತು. "ಎಪ್ರಿಲಿನಲ್ಲಿ ಮನೆಗೆ ಬರ್ತೀಯಾ ಮಗಾ?" ಇವ ಲ್ಯಾಬಿನ ಗಡಿಬಿಡಿಯಲ್ಲಿ "ಗೊತ್ತಿಲ್ಲ ಅಪ್ಪ, ಇಂಟರ್ನ್‌ಶಿಪ್ ಇರ್ಬಹುದು" ಅಂದ. "ಸರಿ, ಓದು" ಅಂತ ಫೋನ್ ಇಟ್ಟರು. ಅಷ್ಟೇ ಮಾತು.

ಬೇಸಿಗೆಗೆ ಮನೆಗೆ ಹೋದಾಗ ನೋಡಿದ್ರೆ ಅರ್ಧ ಗದ್ದೆಯಲ್ಲಿ ಮಾತ್ರ ಗುಳ್ಳದ ಗಿಡ. ಉಳಿದ ಅರ್ಧದಲ್ಲಿ ಭತ್ತದ ಕೂಳೆ ಒಣಗಿ ನಿಂತಿದೆ. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಪಾತ್ರೆ ತೊಳೆಯುತ್ತಾ ಹೇಳಿದರು, "ನೀನು ಬರುದಿಲ್ಲ ಅಂದೆಯಲ್ಲ, ನಮ್ಮಿಬ್ಬರಿಂದ ಅಷ್ಟೇ ಆಗುದು."

ಇವನ ಇಂಟರ್ನ್‌ಶಿಪ್ ಏನಾಯ್ತು ಅಂತಲೂ ಹೇಳಬೇಕು. ಅದು ಆನ್‌ಲೈನ್ ಇಂಟರ್ನ್‌ಶಿಪ್. ಸಂಬಳ ಅವರು ಕೊಡುವುದಲ್ಲ, ಫೀಸು ನಾವು ಕೊಡುವುದು. ದಿನಕ್ಕೆ ಎರಡು ಗಂಟೆ ರೆಕಾರ್ಡ್ ಮಾಡಿದ ವಿಡಿಯೊ, ವಾರಕ್ಕೊಂದು ಕ್ವಿಜ್, ಕೊನೆಗೆ ಬಣ್ಣದ ಸರ್ಟಿಫಿಕೇಟು. ಆರು ವಾರ ಅವನು ಮನೆಯ ಚಾವಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಎದುರಿನ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಆ ಖಾಲಿ ಅರ್ಧ ಗದ್ದೆ. ಇದನ್ನು ನಮಗೆ ಹೇಳುವಾಗ ಅವ ನಗಾಡಿದ. ನಾವಿಬ್ಬರೂ ನಗಾಡಲಿಲ್ಲ. ನಮ್ಮ ನಮ್ಮ ಮನೆಯಲ್ಲಿ ಇಂಥ ಅರ್ಧ ಗದ್ದೆ ಯಾವುದು ಅಂತ ಯೋಚನೆ ಬಂತು. ಶಂಕರಪುರದಲ್ಲಿ ಹಳೇ ಗಿಡ ಕಿತ್ತ ಜಾಗದಲ್ಲಿ ಹೊಸ ಮಲ್ಲಿಗೆ ನೆಟ್ಟಿಲ್ಲ. ಕಾರ್ಕಳದಲ್ಲಿ ಮೇಲಿನ ಎರಡು ಗದ್ದೆ ಹಡಿಲು ಬಿದ್ದಿದೆ. ಯಾರೂ ನಮ್ಮ ಹತ್ರ ದೂರು ಹೇಳಿಲ್ಲ. "ಓದುವ ಮಕ್ಕಳಿಗೆ ಯಾಕೆ ತೊಂದರೆ" ಅಂತ ಮನೆಯವರು ತಾವೇ ಬೆಳೆಯನ್ನು ಸಣ್ಣ ಮಾಡಿಕೊಂಡಿದ್ದಾರೆ.

ಇನ್ನೊಂದು ಸಂಗತಿ ಹೇಳಲು ನಮಗೆ ಸ್ವಲ್ಪ ನಾಚಿಕೆ ಉಂಟು. ಆದ್ರೂ ಹೇಳ್ತೇವೆ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರತಿ ಬ್ಯಾಚಿಗೂ ಒಂದಾದರೂ "ಸ್ಮಾರ್ಟ್ ಇರಿಗೇಷನ್" ಮಿನಿ ಪ್ರಾಜೆಕ್ಟ್ ಇದ್ದೇ ಇರ್ತದೆ. ನಮ್ಮದೂ ಅದೇ. ಆರ್ಡುಯಿನೊ ಬೋರ್ಡು, ಎರಡು ಕಾಲಿನ ಮಣ್ಣಿನ ತೇವಾಂಶ ಸೆನ್ಸರು, ಒಂದು ರಿಲೇ, ಒಂದು ಪುಟ್ಟ ಪಂಪು. ಮಣ್ಣು ಒಣಗಿದ್ರೆ ಪಂಪು ಆನ್, ಒದ್ದೆಯಾದ್ರೆ ಆಫ್. ಡೆಮೊ ದಿನ ಹೂಕುಂಡದಲ್ಲಿ ನಳ್ಳಿನೀರು ಹಾಕಿ ತೋರಿಸಿದೆವು. ಚಪ್ಪಾಳೆ ಬಿತ್ತು, ಮಾರ್ಕೂ ಬಿತ್ತು. ಬೇಸಿಗೆಯಲ್ಲಿ ಗೆಳೆಯ ಅದನ್ನು ಮಟ್ಟುವಿಗೆ ಕೊಂಡುಹೋಗಿ ಗುಳ್ಳದ ಸಾಲಿನಲ್ಲಿ ಊರಿದ. ಅಲ್ಲಿ ಅದು ದಿನವಿಡೀ ಹೇಳಿದ್ದು ಒಂದೇ ಮಾತು: "ಮಣ್ಣು ಒದ್ದೆ ಉಂಟು, ನೀರು ಬೇಡ." ಗಿಡಗಳು ಮಾತ್ರ ಬೆಳಿಗ್ಗೆ ಹತ್ತು ಗಂಟೆಗೇ ಎಲೆ ಜೋತು ಹಾಕಿ ನಿಂತಿದ್ದವು.

ಕಾರಣ ಆಮೇಲೆ ಗೊತ್ತಾಯ್ತು. ಆ ಅಗ್ಗದ ಸೆನ್ಸರು ನೀರನ್ನು ಅಳೆಯುವುದಿಲ್ಲ. ಎರಡು ಕಾಲುಗಳ ನಡುವೆ ಮಣ್ಣಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರೀತದೆ ಅಂತ ಅಳೀತದೆ. ನೀರಿದ್ರೆ ಚೆನ್ನಾಗಿ ಹರೀತದೆ, ಉಪ್ಪಿದ್ರೆ ಇನ್ನೂ ಚೆನ್ನಾಗಿ ಹರೀತದೆ. ಕಡಲ ಬದಿಯ ಗದ್ದೆಯಲ್ಲಿ, ಬೇಸಿಗೆಯಲ್ಲಿ, ಬಾವಿ ತಗ್ಗಿದ ಹಾಗೆ ಉಪ್ಪಿನ ಅಂಶ ಏರ್ತದೆ. ನಮ್ಮ ಸೆನ್ಸರು ಉಪ್ಪನ್ನು ನೀರು ಅಂತ ತಿಳಿದುಕೊಂಡಿತ್ತು. ಮೂರು ವಾರ ಕಳೆಯುವಾಗ ಅದರ ಕಾಲುಗಳೂ ಸವೆದು ಕಪ್ಪಾದವು. ಒಂದೇ ದಿಕ್ಕಿನ ಕರೆಂಟು ಒದ್ದೆ ಮಣ್ಣಿನಲ್ಲಿ ಲೋಹವನ್ನು ತಿಂದು ಹಾಕ್ತದೆ ಅಂತ ನಾವು ಮೊದಲ ವರ್ಷದ ಕೆಮಿಸ್ಟ್ರಿಯಲ್ಲೇ ಓದಿದ್ದೆವು.

ಅಮ್ಮನಿಗೆ ಈ ವಿಷಯ ಫೆಬ್ರವರಿಯಲ್ಲೇ ಗೊತ್ತಿತ್ತು. ಬಾವಿ ನೀರನ್ನು ಬಾಯಿಗೆ ಹಾಕಿ ನೋಡಿ ರುಚಿ ತಿರುಗಿದೆ ಅಂತ ಹೇಳಿ, ಆ ಕಡೆಯ ಸಾಲಿಗೆ ಇನ್ನೊಂದು ಹೊಂಡದ ನೀರು ಬಿಡಲು ಶುರು ಮಾಡಿದ್ದರು. "ಗಿಡದ ಮುಖ ನೋಡಿದ್ರೆ ಗೊತ್ತಾಗುದಿಲ್ವಾ?" ಅಂತ ಒಂದೇ ಪ್ರಶ್ನೆ ಕೇಳಿದರು. ನಾವು ಒಂದು ಸೆಮಿಸ್ಟರ್ ಪೂರ್ತಿ ಅದೇ ಪ್ರಾಜೆಕ್ಟಿನ ಮೇಲೆ ಕೂತಿದ್ದೆವು. ಅದರಲ್ಲಿ ಒಂದು ದಿನವೂ ಅವರಿಗೆ ಫೋನ್ ಮಾಡಿ "ಯಾವಾಗ ನೀರು ಬಿಡ್ತೀರಿ, ಹೇಗೆ ಗೊತ್ತಾಗ್ತದೆ" ಅಂತ ಕೇಳಲಿಲ್ಲ. ಕೇಳಿದ್ದರೆ ಉಪ್ಪಿನ ವಿಷಯ ಮೊದಲ ವಾರದಲ್ಲೇ ಬರ್ತಿತ್ತು. ಲೋಹದ ಕಾಲು ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರು ತರ್ತಿದ್ದೆವು, ಆ ಗದ್ದೆಯ ಮಣ್ಣಿನಲ್ಲೇ ಅದನ್ನು ಕ್ಯಾಲಿಬ್ರೇಟ್ ಮಾಡ್ತಿದ್ದೆವು, ಬಾವಿ ನೀರಿನ ಉಪ್ಪನ್ನು ಬೇರೆಯಾಗಿ ಅಳೀತಿದ್ದೆವು.

ಕಾರ್ಕಳದ ಮನೆಯಲ್ಲಿ ಪಾಠ ಮಾಡಿದ್ದು ಪಂಪು. ಬಾವಿ ಕಟ್ಟೆಯ ಮೇಲಿರುವ ಪಂಪು ಎಪ್ರಿಲ್ ಬರುವಾಗ ನೀರು ಎಳೆಯುವುದಿಲ್ಲ. ನಮ್ಮ ಗೆಳೆಯ ಮೆಕ್ಯಾನಿಕಲ್‌ನವ. "ಮೋಟಾರು ಸಣ್ಣದಾಯ್ತು ಅಪ್ಪ, ಜಾಸ್ತಿ ಎಚ್‌ಪಿದು ಹಾಕುವ" ಅಂದ. ಅಪ್ಪ ಹೇಳಿದರು, "ಎಷ್ಟು ದೊಡ್ಡದು ಹಾಕಿದ್ರೂ ಅಷ್ಟು ಆಳದಿಂದ ಎಳೆಯುದಿಲ್ಲ ಮಾರಾಯ, ಪಂಪೇ ನೀರಿನ ಹತ್ತಿರ ಹೋಗ್ಬೇಕು." ಹಗ್ಗ ಕಟ್ಟಿ ಪಂಪನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಿದರು, ನೀರು ಬಂತು. ಮೇಲಿನ ಗಾಳಿಯ ಒತ್ತಡ ನೀರನ್ನು ತಳ್ಳುವುದು ಲೆಕ್ಕದ ಪ್ರಕಾರವೇ ಹೆಚ್ಚೆಂದರೆ 10.3 ಮೀಟರು. ನಿಜದ ಪಂಪಿನಲ್ಲಿ ಆರೇಳು ಮೀಟರ್ ದಾಟುವುದೇ ಕಷ್ಟ. ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಇವನು ಇದನ್ನು ಬರೆದು ಪೂರ್ತಿ ಮಾರ್ಕು ತಗೊಂಡಿದ್ದ. ಮನೆಯ ಬಾವಿ ಕಟ್ಟೆಯಲ್ಲಿ ಮಾತ್ರ ಅದು ನೆನಪಿಗೆ ಬರಲಿಲ್ಲ.

ಈ ಬಾವಿಯ ವಿಷಯ ನಮ್ಮ ಮೂರು ಮನೆಗೆ ಮುಗಿಯುವುದಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ನೆಲ ಅದನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ, ಹೊಳೆ ಅದನ್ನು ಬೇಗ ಕಡಲಿಗೆ ಮುಟ್ಟಿಸ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯಲ್ಲಿ ನೀರು ತಳ ಕಂಡು ಉಡುಪಿ, ಮಣಿಪಾಲದವರೆಲ್ಲ ಟ್ಯಾಂಕರಿಗೆ ಕಾದದ್ದು ಆಗ ಹೈಸ್ಕೂಲಿನಲ್ಲಿದ್ದ ನಮಗೂ ನೆನಪುಂಟು. ಮಳೆ ನೀರು ನೆಲಕ್ಕೆ ಇಂಗಬೇಕಾದ್ರೆ ಎಲ್ಲಾದರೂ ನಿಲ್ಲಬೇಕು. ಹಾಗೆ ನಿಲ್ಲುತ್ತಿದ್ದದ್ದು ಹುಣಿ ಕಟ್ಟಿದ ಏಣೆಲು ಗದ್ದೆಯಲ್ಲಿ. ಗದ್ದೆ ಹಡಿಲು ಬಿದ್ದು ಹುಣಿ ಒಡೆದ್ರೆ, ಇಲ್ಲವೇ ಮಣ್ಣು ತುಂಬಿಸಿ ಸೈಟ್ ಮಾಡಿದ್ರೆ, ನೀರು ನಿಲ್ಲಲು ಜಾಗವೇ ಇಲ್ಲ. ಜುಲೈಯಲ್ಲಿ ಬಿಟ್ಟ ಗದ್ದೆಯ ಪರಿಣಾಮ ಎಪ್ರಿಲಿನಲ್ಲಿ ಕೆಳಗಿನ ಮನೆಯ ಬಾವಿಯಲ್ಲಿ ಕಾಣ್ತದೆ. ಅದಕ್ಕೇ ಕೃಷಿಯನ್ನು ಬರೀ ಆ ಮನೆಯವರ ಖಾಸಗಿ ವಿಷಯ ಅನ್ನುವುದನ್ನು ನಾವು ಒಪ್ಪುವುದಿಲ್ಲ.

"ಹಾಗಾದ್ರೆ ಎಲ್ಲರೂ ಡಿಗ್ರಿ ಬಿಟ್ಟು ಗದ್ದೆಗೆ ಇಳೀಬೇಕಾ?" ಅಂತ ಕೇಳಬಹುದು. ಇಲ್ಲ. ನಮಗೂ ಕೆಲಸ ಬೇಕು, ನಮಗೂ ಎಜುಕೇಶನ್ ಲೋನ್ ಉಂಟು. ಕೃಷಿಯಲ್ಲಿ ಸಿಗುವ ದುಡ್ಡಿನ ಸತ್ಯ ನಮಗೆ ಚೆನ್ನಾಗಿ ಗೊತ್ತು. ಎಲ್ಲರ ಗುಳ್ಳ ಒಟ್ಟಿಗೆ ಬಂದಾಗ ರೇಟು ಬೀಳ್ತದೆ. ಅಕಾಲಿಕ ಮಳೆ ಒಂದು ಬಂದ್ರೆ ಹೂ, ಕಾಯಿ ಎರಡೂ ಹೋಗ್ತದೆ. ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕಿದವರಿಗೆ ಕೊಡುವ ಸಂಬಳ ತೆಗೆದ ಮೇಲೆ ಉಳಿಯುವುದು ಕಡಿಮೆ. "ನಮ್ಮ ಕಷ್ಟ ನಿಮಗೆ ಬೇಡ" ಅಂತ ಅಪ್ಪ ಅಮ್ಮ ಹೇಳುವುದರಲ್ಲಿ ತಪ್ಪಿಲ್ಲ. ಅವರ ಆ ಮಾತಿನಿಂದಲೇ ನಾವು ಇಲ್ಲಿ ಕೂತು ಓದ್ತಾ ಇದ್ದೇವೆ.

ನಮ್ಮ ತಕರಾರು ಇರುವುದು ಬೇರೆ ಕಡೆ. ಕಾಲೇಜಿನಲ್ಲಿ ಕೃಷಿ ಬರುವುದು ಎರಡೇ ರೂಪದಲ್ಲಿ. ಒಂದು, "ಕೆಸರ್‌ಡ್ ಒಂಜಿ ದಿನ". ಗದ್ದೆಗೆ ಹೋಗಿ ಹಗ್ಗಜಗ್ಗಾಟ ಆಡಿ, ಮುಖಕ್ಕೆಲ್ಲ ಕೆಸರು ಮೆತ್ತಿಕೊಂಡು ಫೋಟೊ ತೆಗೆಸಿ, ಮಧ್ಯಾಹ್ನ ಊಟ ಮಾಡಿ ಬರುವುದು. ಮೋಜಿಗೆ ನಮ್ಮ ವಿರೋಧ ಇಲ್ಲ, ನಾವೂ ಹೋಗಿ ಬಿದ್ದಿದ್ದೇವೆ. ಎರಡನೆಯದು ಆ್ಯಕ್ಟಿವಿಟಿ ಪಾಯಿಂಟು. ಡಿಗ್ರಿ ಮುಗಿಯುವುದರೊಳಗೆ ನಮಗೆ 100 ಪಾಯಿಂಟ್ ಆಗಬೇಕು. ಸಮಾಜಕ್ಕೆ ಉಪಯೋಗ ಆಗುವ ಕೆಲಸ ಮಾಡಿ ಗಳಿಸಬೇಕು ಅನ್ನುವುದು ಉದ್ದೇಶ, ಒಳ್ಳೆಯ ಉದ್ದೇಶ. ನಡೆಯುವುದು ಏನು? ಬ್ಯಾನರ್ ಹಿಡಿದು ಒಂದು ಸಸಿ ನೆಟ್ಟು ಹತ್ತು ಜನ ಫೋಟೊದಲ್ಲಿ ನಿಂತರೆ ಪಾಯಿಂಟ್ ಸಿಗ್ತದೆ. ಆ ಸಸಿಗೆ ಮರುದಿನ ನೀರು ಹಾಕಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಅರುವತ್ತು ದಿನ ಬೆಳಿಗ್ಗೆ ಸಂಜೆ ನೀರು ಹಾಕಿದವನಿಗೆ ಸೊನ್ನೆ, ಯಾಕೆಂದ್ರೆ ಅವನ ಹತ್ರ ಬ್ಯಾನರ್ ಇಲ್ಲ.

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ವಿದ್ಯಾರ್ಥಿಗಳೂ ಗದ್ದೆಗೆ ಇಳಿದು ನೇಜಿ ನೆಟ್ಟಿದ್ದರು. ಊರಿಗೆ ಊರೇ ಸೇರಿದ್ರೆ ಹಡಿಲು ಗದ್ದೆಯೂ ಹಸಿರಾಗ್ತದೆ ಅಂತ ಆಗ ಎಲ್ಲರೂ ಕಂಡೆವು. ಆದ್ರೆ ನಾಟಿ ಒಂದು ದಿನದ ಕೆಲಸ. ಕಳೆ ತೆಗೆಯುವುದು, ನೀರು ನೋಡಿಕೊಳ್ಳುವುದು ದಿನಾ ಇರುವ ಕೆಲಸ. ನಮ್ಮ ವ್ಯವಸ್ಥೆಗೆ ಮೊದಲನೆಯದನ್ನು ಲೆಕ್ಕ ಹಿಡಿಯಲು ಬರ್ತದೆ, ಎರಡನೆಯದನ್ನು ಬರುವುದಿಲ್ಲ.

ಅದಕ್ಕೆ ನಮ್ಮ ಬೇಡಿಕೆ ಮೂರು.

ಒಂದು, ಬೇಸಿಗೆಯಲ್ಲಿ ಸ್ವಂತ ಅಥವಾ ನೆರೆಮನೆಯ ಗದ್ದೆ, ತೋಟದಲ್ಲಿ ಮಾಡಿದ ಕೆಲಸಕ್ಕೆ ಆ್ಯಕ್ಟಿವಿಟಿ ಪಾಯಿಂಟ್ ಕೊಡಲಿ, ಸಾಧ್ಯವಾದ್ರೆ ಇಂಟರ್ನ್‌ಶಿಪ್ ಅಂತಲೂ ಒಪ್ಪಲಿ. ಸುಮ್ಮನೆ ಕೊಡುವುದು ಬೇಡ. ದಿನಚರಿ ಪುಸ್ತಕ ಕೇಳಲಿ. ಬಾವಿಯಲ್ಲಿ ನೀರು ಎಷ್ಟಿತ್ತು, ಪಂಪು ಎಷ್ಟು ಹೊತ್ತು ಓಡಿತು, ಎಷ್ಟು ಕೊಯ್ದೆವು, ಎಷ್ಟು ರೇಟು ಸಿಕ್ಕಿತು, ಏನು ಹಾಳಾಯ್ತು, ಯಾಕೆ ಹಾಳಾಯ್ತು. ಜಿಲ್ಲೆಯ ಬೇರೆ ಬೇರೆ ಕಡೆಯಿಂದ ಬರುವ ನೂರು ವಿದ್ಯಾರ್ಥಿಗಳು ಎರಡು ತಿಂಗಳು ಮನೆಯ ಬಾವಿಯ ನೀರಿನ ಮಟ್ಟ ಬರೆದಿಟ್ಟರೆ ಸಿವಿಲ್ ವಿಭಾಗದವರಿಗೆ ಒಳ್ಳೆಯ ಡೇಟಾ ಸಿಗ್ತದೆ. ಅದಕ್ಕೆ ಬೇಕಾದದ್ದು ಗಂಟು ಹಾಕಿದ ಒಂದು ಹಗ್ಗ, ಒಂದು ನೋಟ್‌ಬುಕ್.

ಎರಡು, ಕೃಷಿಗೆ ಸಂಬಂಧಿಸಿದ ಮಿನಿ ಪ್ರಾಜೆಕ್ಟ್ ಮಾಡುವ ತಂಡ ಬಿಡಿಭಾಗ ಆರ್ಡರ್ ಮಾಡುವ ಮೊದಲು ಆ ಬೆಳೆ ಬೆಳೆಯುವ ಒಂದು ಮನೆಯಲ್ಲಿ ಕನಿಷ್ಠ ಒಂದು ವಾರ ಕೆಲಸ ಮಾಡಬೇಕು ಅಂತ ನಿಯಮ ಇರಲಿ. ಡೆಮೊ ಗದ್ದೆಯಲ್ಲಿ ಆಗಲಿ, ಆ ಮನೆಯವರ ಎದುರು ಆಗಲಿ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರ ಉಂಟು, ಕೃಷಿ ವಿಜ್ಞಾನ ಕೇಂದ್ರ ಉಂಟು. ನಮ್ಮಲ್ಲಿ ಎಷ್ಟು ತಂಡ ಒಮ್ಮೆಯಾದರೂ ಅಲ್ಲಿಗೆ ಹೋಗಿ ಕೇಳಿದೆ?

ಮೂರನೆಯದು ನಮಗೆ ನಾವೇ ಹೇಳಿಕೊಳ್ಳುವುದು. ಮನೆಯಿಂದ "ಬೇಸಿಗೆಗೆ ಬರ್ತೀಯಾ?" ಅಂತ ಫೋನು ಬಂದಾಗ ಅದು ಸುಮ್ಮನೆ ಕ್ಷೇಮ ಸಮಾಚಾರ ಅಂತ ತಿಳಿಯಬಾರದು. ಅದರ ಹಿಂದೆ ಎಷ್ಟು ಸಾಲು ನೆಡಬೇಕು ಅನ್ನುವ ಲೆಕ್ಕ ಇರಬಹುದು. ನಿಜವಾದ ಇಂಟರ್ನ್‌ಶಿಪ್ ಸಿಕ್ಕಿದ್ರೆ ಹೋಗುವ, ಖಂಡಿತ ಹೋಗುವ. ಆದ್ರೆ "ಇರ್ಬಹುದು" ಅಂತ ಅರ್ಧ ಉತ್ತರ ಕೊಟ್ಟು, ಮನೆಯವರ ಅರ್ಧ ಗದ್ದೆ ಖಾಲಿ ಬಿಡಿಸಿ, ಕೊನೆಗೆ ದುಡ್ಡು ಕೊಟ್ಟು ವಿಡಿಯೊ ನೋಡುವುದು ಬೇಡ. ಬರುವುದಾದ್ರೆ ಬರ್ತೇವೆ ಅಂತ ಹೇಳುವ. ಬರುವುದಿಲ್ಲವಾದ್ರೆ ಅದನ್ನೂ ಸರಿಯಾಗಿ ಹೇಳುವ, ಅವರು ಬೇರೆ ಜನ ನೋಡಿಕೊಳ್ತಾರೆ. ಅಪ್ಪ ಅಮ್ಮಂದಿರೂ ಅಷ್ಟೇ, ಓದು ಹಾಳಾಗ್ತದೆ ಅಂತ ಹೆದರಿ ವಿಷಯ ಮುಚ್ಚಿಡುವುದು ಬೇಡ. ಕೆಲಸ ಹೇಳಿ. ನಮಗೆ ಸೊಂಟ ನೋವು ಬರ್ತದೆ, ಗೊಣಗ್ತೇವೆ, ಆದ್ರೂ ಮಾಡ್ತೇವೆ.

ಪತ್ತನಾಜೆಯ ಹೊತ್ತಿಗೆ ಮಟ್ಟುವಿನ ಗದ್ದೆಯ ಕೊಯ್ಲು ಮುಗಿಯಿತು. ಸವೆದ ಸೆನ್ಸರನ್ನು ಕಿತ್ತು ತಂದು ನಮ್ಮ ಲ್ಯಾಬ್ ಮೇಜಿನ ಮೇಲೆ ಇಟ್ಟಿದ್ದೇವೆ, ಮುಂದಿನ ಬ್ಯಾಚಿನವರು ಬಂದು ನೋಡಬಹುದು. ಬೀಜಕ್ಕೆ ಅಂತ ಗಿಡದಲ್ಲೇ ಬಿಟ್ಟ ಗುಳ್ಳಗಳು ಹಳದಿಯಾದ ಮೇಲೆ ಅಮ್ಮ ಕೊಯ್ದು, ಬೀಜ ತೆಗೆದು ತೊಳೆದು, ಒಣಗಿಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಈಗ ಮಳೆ ಹಿಡಿದಿದೆ, ಏಣೆಲು ನಾಟಿ ಶುರುವಾಗಿದೆ. ಕೊಯ್ಲಾದ ಮೇಲೆ ಅಕ್ಟೋಬರಿನಲ್ಲಿ ಮತ್ತೆ ಗುಳ್ಳ ನೆಡುವ ಕಾಲ. ಈ ಸಲ ಅಪ್ಪನ ಫೋನು ಬರುವವರೆಗೆ ಕಾಯುವುದಿಲ್ಲ, ತಾನೇ ಮಾಡ್ತೇನೆ ಅಂತ ನಮ್ಮ ಗೆಳೆಯ ಹೇಳಿದ್ದಾನೆ. ಡಬ್ಬಿಯಲ್ಲಿರುವ ಬೀಜ ಇಡೀ ಗದ್ದೆಗೆ ಸಾಕಾಗ್ತದಂತೆ.